ಭಾರ ಇಳಿಸುವ ಪಂಚಾಂಗ

ನನ್ನ ಹೆಂಡತಿಯ ಫೋನು ಹೊರುವುದು ನನ್ನ ಕೆಲಸ. ನಗಬೇಡಿ. ಕೆಲಸದಿಂದ ನಿವೃತ್ತರಾದ ಗಂಡಸರು ನಮ್ಮೂರಲ್ಲಿ ಅರಳಿಕಟ್ಟೆ ಮೇಲೆ ಕೂತು ಸೊಸೆಯಂದಿರನ್ನು ಬಯ್ಯುತ್ತಾರೆ. ನಾನು ದಪ್ಪ ಬಟ್ಟೆಯ ಜೋಳಿಗೆಯಲ್ಲಿ ಅಂಬುಜಾಕ್ಷಿಯ ಫೋನು ಇಟ್ಟು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ನಡೆಯುತ್ತೇನೆ. "ಏನ್ ಸ್ವಾಮಿ, ಹೆಂಡ್ತಿ ಸಂಸಾರ ಹೊತ್ಕೊಂಡು ಹೊರಟ್ರಾ?" ಎಂದು ಕಟ್ಟೆಯವರು ಕೇಳುತ್ತಾರೆ. "ನಮ್ದಲ್ಲಪ್ಪಾ, ನಿಮ್ಮನೆ ಸಂಸಾರಾನೇ ಹೊತ್ತಿರೋದು" ಎನ್ನುತ್ತೇನೆ. ಆಗ ಎಲ್ಲರಿಗೂ ಗಂಟಲಲ್ಲಿ ಏನೋ ಸಿಕ್ಕಿಕೊಂಡು ಕೆಮ್ಮು ಬರುತ್ತದೆ.

ನಮ್ಮೂರಲ್ಲಿ ಫೋನಿಗೆ ಏನು ತುಂಬಿಕೊಂಡರೂ ಅದಕ್ಕೆ ತಕ್ಕ ತೂಕ ಬರುತ್ತದೆ. ಒಂದು ಫೋಟೋ ಎಳ್ಳುಕಾಳಿನಷ್ಟು, ಒಂದು ಹಾಡು ಹುಣಸೆಬೀಜದಷ್ಟು, ಸಿನಿಮಾ ಆದರೆ ಸುಲಿದ ತೆಂಗಿನಕಾಯಿ. ಹೈಸ್ಕೂಲು ಹುಡುಗರು ಆಟಗಳನ್ನು ಫೋನಿಗೆ ಇಳಿಸಿಕೊಂಡು ಚಡ್ಡಿ ಜೇಬು ಹರಿದುಕೊಂಡು ಬರುತ್ತಾರೆ, ಅದಕ್ಕೇ ನಮ್ಮ ದರ್ಜಿಗಳು ಜೇಬಿಗೆ ಎರಡು ಪದರ ಬಟ್ಟೆ ಕೊಡುತ್ತಾರೆ. ಹೊಸದಾಗಿ ಮದುವೆಯಾದವರ ಫೋನು ಮೊದಲ ವರ್ಷ ಬಲು ಭಾರ, ಆಮೇಲೆ ತಾನಾಗಿ ಹಗುರಾಗುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿನವರು ಇಡೀ ಪ್ರಪಂಚವನ್ನೇ ಫೋನಿಗೆ ತುಂಬಿಕೊಂಡು ಅಂಗಿ ಜೇಬಲ್ಲಿಟ್ಟು ಓಡಾಡುತ್ತಾರಂತೆ. ಅವರಿಗೆ ತಾವು ಏನು ಹೊತ್ತಿದ್ದೇವೆ ಅಂತ ಹೇಗೆ ಗೊತ್ತಾಗುತ್ತದೋ, ನನಗಂತೂ ತಿಳಿಯದು.

ತೂಕ ಇರುವುದರಿಂದ ನಮ್ಮಲ್ಲೊಂದು ಪದ್ಧತಿ ಇದೆ. ಹೊಸದೇನಾದರೂ ಇಳಿಸಿಕೊಳ್ಳುವ ಮೊದಲು ಅಕ್ಕಸಾಲಿ ಮೌನೇಶಾಚಾರಿಯ ಅಂಗಡಿಗೆ ಹೋಗಬೇಕು. ಫೋನನ್ನು ಅವನ ತಕ್ಕಡಿಯಲ್ಲಿಟ್ಟು ತೂಗಿಸಿ, ಅಲ್ಲೇ ನಿಂತು ಇಳಿಸಿಕೊಂಡು, ಮತ್ತೆ ತೂಗಿಸಬೇಕು. ಹುಣಸೆಬೀಜದಷ್ಟು ಅಂತ ಹೇಳಿಕೊಂಡು ಬಂದದ್ದು ಹಲಸಿನ ಬೀಜದಷ್ಟು ತೂಗಿದರೆ ಆಚಾರಿ ಹುಬ್ಬು ಗಂಟಿಕ್ಕಿ, "ಇದ್ರ ಹೊಟ್ಟೇಲಿ ಇನ್ನೊಂದ್ ಐತೆ ಕಣ್ರೀ, ಕಿತ್ತಾಕಿ" ಎನ್ನುತ್ತಾನೆ. ಬ್ಯಾಟರಿ ದೀಪ ಅಂತ ಬಂದದ್ದೊಂದು ಕುಂಬಳಕಾಯಿಯಷ್ಟು ತೂಗಿ, ತಟ್ಟೆ ನೆಲಕ್ಕೆ ಬಡಿದು, ಊರೆಲ್ಲ ನಕ್ಕಿತ್ತು. ಎಷ್ಟು ಕಳ್ಳ ಬಸಿರುಗಳನ್ನು ಆಚಾರಿ ಹಾಗೆ ಹಿಡಿದನೋ ಲೆಕ್ಕವಿಲ್ಲ. ಊರಿಗೆ ಒಳ್ಳೇ ಜಂಬ ಬಂದಿತ್ತು. ನಮಗೆ ಮೋಸ ಮಾಡೋಕೆ ಯಾರಪ್ಪನ ಕೈಲೂ ಆಗಲ್ಲ ಅಂತ ಕಟ್ಟೆ ಮೇಲೆ ದಿನಾ ಒಬ್ಬನಾದರೂ ಹೇಳುತ್ತಿದ್ದ.

ಅಂಬುಜಾಕ್ಷಿಯದು ಗಂಡು ಹೆಣ್ಣು ಕೂಡಿಸುವ ಕೆಲಸ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಮಾತನ್ನು ಅವಳೆದುರು ಯಾರಾದರೂ ಆಡಿದರೆ, "ಆ ಮದುವೆಗೆ ನನ್ನ ಕರೀಬೇಡಿ" ಎಂದು ಎದ್ದು ಬಿಡುತ್ತಾಳೆ. ಅವಳ ರೀತಿ ಬೇರೆ. ಸಂಬಂಧ ಕೇಳಿಕೊಂಡು ಯಾರೇ ಬರಲಿ, ಗಂಡಾಗಲಿ ಹೆಣ್ಣಾಗಲಿ, ಒಳಕೋಣೆಯಲ್ಲಿ ಮಣೆ ಹಾಕಿ ಅದರ ಮೇಲೆ ಫೋನಿಟ್ಟು, "ನಿನ್ನಲ್ಲಿ ಏನಿದೆಯೋ ಎಲ್ಲಾ ಇದಕ್ಕೆ ಹೇಳು. ಮುಖ ನೋಡ್ಕೊಂಡು ಹೇಳೋದು ಕಷ್ಟ" ಎಂದು ಬಾಗಿಲೆಳೆದುಕೊಂಡು ಹೊರಗೆ ಬರುತ್ತಾಳೆ. ಅವರು ಹೋದ ಮೇಲೆ ಒಬ್ಬಳೇ ಕೇಳಿಸಿಕೊಳ್ಳುತ್ತಾಳೆ. ನಿಶ್ಚಿತಾರ್ಥಕ್ಕೆ ಮುಂಚೆ ಗಂಡು ಹೆಣ್ಣನ್ನು ಎದುರುಬದುರು ಕೂರಿಸಿ, ಹಿರಿಯರನ್ನೆಲ್ಲ ಜಗಲಿಗೆ ಅಟ್ಟಿ, ಹೇಳಬೇಕಾದದ್ದನ್ನು ಅವರ ಬಾಯಿಂದಲೇ ಹೇಳಿಸುತ್ತಾಳೆ. ಒಪ್ಪಿದರೆ ಮದುವೆ. ಒಪ್ಪದಿದ್ದರೆ ಇಬ್ಬರೂ ಆ ಮಾತನ್ನು ಅಲ್ಲೇ ಬಿಟ್ಟು ಹೋಗಬೇಕು, ಹಾಗಂತ ಅವಳಿಗೆ ಮಾತು ಕೊಟ್ಟಿರುತ್ತಾರೆ. ಊರಿನ ಅರ್ಧಕ್ಕರ್ಧ ಗುಟ್ಟು ಅವಳ ಫೋನಲ್ಲಿತ್ತು. ಆ ರುಬ್ಬುಗುಂಡನ್ನು ನಾನು ಹೊತ್ತೆ, ಒಂದು ಮಾತನ್ನೂ ಕೇಳಲಿಲ್ಲ. ಒಂದೆರಡು ಸಲ ಕೇಳುವ ಆಸೆಯಾದದ್ದು ನಿಜ. "ಕೈ ಕತ್ತರಿಸ್ತೀನಿ" ಅಂದಿದ್ದಳು.

ಈ ವರ್ಷದ ದೊಡ್ಡ ಸಂಬಂಧ ಚಂಪಾಳದು. ನಮ್ಮ ಹಿಂದಿನ ಬೀದಿಯ ಸಾವಂತ್ರಮ್ಮನ ಒಬ್ಬಳೇ ಮಗಳು, ಬಾಲವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ. ಮಾತು ಕಡಿಮೆ, ಆಡಿದರೆ ನೇರ. ಹುಡುಗ ಎಣ್ಣೆ ಗಿರಣಿ ರುದ್ರಯ್ಯನ ಮಗ ನಿಜಗುಣ, ನೆಟ್ಟಗೆ ಕೂತು ಕತ್ತನ್ನು ಸ್ವಲ್ಪ ಓರೆ ಮಾಡಿ ಮಾತು ಕೇಳುವವನು. ಇಬ್ಬರೂ ಬೇರೆ ಬೇರೆ ದಿನ ಬಂದು ನಮ್ಮ ಮಣೆಯ ಮುಂದೆ ಕೂತು ಹೋಗಿದ್ದರು. ಇಬ್ಬರದೂ ಕೇಳಿದ ಮೇಲೆ ಅಂಬುಜಾಕ್ಷಿ ಅಡುಗೆಮನೆಯಲ್ಲಿ ಗುನುಗಿಕೊಳ್ಳುತ್ತಿದ್ದಳು. "ರೀ, ಇಂಥ ಜೋಡಿ ನಾನು ನೋಡೇ ಇಲ್ಲ. ಒಬ್ರಿಗೊಬ್ರು ಹೇಳ್ಕೊಂಡ್ರೆ ಸಾಕು, ಆಗೋಯ್ತು ಅನ್ನಿ" ಎಂದಳು. ಒಳ್ಳೆ ದಿನ ನೋಡಿ ಇಬ್ಬರನ್ನೂ ಕೂರಿಸುವುದಷ್ಟೇ ಬಾಕಿ ಇತ್ತು.

ಆ ಒಳ್ಳೆ ದಿನ ನೋಡಲು ಹೋಗಿಯೇ ಎಲ್ಲ ಕೆಟ್ಟಿತು. ಮನೆಯ ಪಂಚಾಂಗವನ್ನು ಯಾರೋ ಕೇಳಿಕೊಂಡು ಹೋಗಿ ವಾಪಸ್ ಕೊಟ್ಟಿರಲಿಲ್ಲ. ಫೋನಿಗೇ ಒಂದು ಪಂಚಾಂಗ ಇಳಿಸಿಕೊಂಡರೆ ಆಯಿತು ಎಂದು ಇಬ್ಬರೂ ಆಚಾರಿಯ ಅಂಗಡಿಗೆ ಹೋದೆವು. ಆಚಾರಿ ತೂಗಿದ. ಅಂಬುಜಾಕ್ಷಿ ಫೋನಲ್ಲಿ ಹುಡುಕಿದಳು. ಪಂಚಾಂಗದ ಪುಟ ತೆರೆದುಕೊಂಡಿತು. ಮಧ್ಯದಲ್ಲಿ ಬಾಳೆಲೆಯಷ್ಟು ಅಗಲದ ಹಸಿರು ಪಟ್ಟಿ, ಅದರ ಮೇಲೆ 'ಇಳಿಸಿಕೊಳ್ಳಿ, ಉಚಿತ' ಅಂತ. ಅದರ ಕೆಳಗೆ ಮೂಲೆಯಲ್ಲಿ ಇನ್ನೊಂದು 'ಇಳಿಸಿಕೊಳ್ಳಿ' ಇತ್ತು, ಇರುವೆ ಸಾಲಿನಷ್ಟು ಸಣ್ಣಗೆ. ಎದುರಿಗೆ ಹೆಬ್ಬಾಗಿಲು ತೆರೆದಿರುವಾಗ ಯಾರು ಹಿತ್ತಲ ಬಾಗಿಲು ಹುಡುಕುತ್ತಾರೆ? ಅವಳು ಹಸಿರನ್ನು ಒತ್ತಿದಳು. ಅದು ಏನೇನೋ ಕೇಳಿತು. ಉದ್ದುದ್ದ ಬರಹ, ಪ್ರತಿ ಸಾಲಿನ ಮುಂದೆಯೂ ಒಪ್ಪಿಗೆಯ ಗುರುತು, ಮೊದಲೇ ಹಾಕಿಟ್ಟದ್ದು. "ಪಾಪ, ನಮಗೆ ಶ್ರಮ ಬೇಡ ಅಂತ ಅವ್ರೇ ಹಾಕಿದಾರೆ" ಎಂದು ಅವಳು ಮುಂದೆ, ಮುಂದೆ, ಮುಂದೆ ಅಂತ ಒತ್ತಿಕೊಂಡು ಹೋದಳು. ಪಂಚಾಂಗ ಬಂತು. ತಿಥಿ, ವಾರ, ನಕ್ಷತ್ರ ಎಲ್ಲ ಸರಿಯಾಗಿಯೇ ಇತ್ತು.

ಆಚಾರಿ ಮತ್ತೆ ತಕ್ಕಡಿಗಿಟ್ಟ. ಅವನ ಬಾಯಿ ತೆರೆದುಕೊಂಡಿತು. ಫೋನಿನ ತಟ್ಟೆ ಮೇಲೆ ಹೋಗುತ್ತಿತ್ತು. ನಾವು ನೋಡುತ್ತಿರುವಂತೆಯೇ ಇನ್ನೂ ಸ್ವಲ್ಪ ಮೇಲೆ ಹೋಯಿತು. ಕೂಡಿದ ಮೇಲೆ ಕಡಿಮೆಯಾಗುವ ಪದಾರ್ಥವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ತಕ್ಕಡಿಯ ದಾರ ಬಿಚ್ಚಿ ಕಟ್ಟಿದ, ತಟ್ಟೆ ಒರೆಸಿದ, ಮೂರು ಸಲ ತೂಗಿದ. ಕೊನೆಗೆ ಫೋನಿಗೆ ಕೈ ಮುಗಿದುಬಿಟ್ಟ. "ಅಮ್ಮಾ, ಇದು ಸಾಮಾನ್ಯದ್ದಲ್ಲ. ಒಳ್ಳೆ ಗಳಿಗೆ ಒಳಗೆ ಬಂದ್ರೆ ಭಾರ ಇಳೀದೆ ಇರುತ್ತಾ?" ಎಂದ. ಅಂಬುಜಾಕ್ಷಿ ಫೋನನ್ನು ಕೈಗೆ ತೆಗೆದುಕೊಂಡು, "ಅಯ್ಯೋ ನಮ್ಮಪ್ಪಾ, ಹೂವಾದಂಗಾಗಿದೆ ಕಣ್ರೀ!" ಎಂದು ನನ್ನ ಕೈಗಿಟ್ಟಳು. ನನ್ನ ಹೆಗಲು ಖುಷಿಪಟ್ಟಿತು. ಭಾರವಾದರೆ ತಾನೇ ಅನುಮಾನ? ಹಗುರವಾದದ್ದನ್ನು ಅನುಮಾನಿಸಲು ನಮ್ಮೂರಲ್ಲಿ ಯಾರಿಗೂ ಯಾರೂ ಕಲಿಸಿರಲಿಲ್ಲ.

ಸಂಜೆಯೊಳಗೆ ಸುದ್ದಿ ಕಟ್ಟೆಗೆ ಮುಟ್ಟಿತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜನ. ಮಾರನೆಯ ದಿನ ಆಚಾರಿಯ ಅಂಗಡಿ ಮುಂದೆ ಸರದಿ ನಿಂತಿತು. ದೇವರು ದಿಂಡರು ಬೇಡ ಅನ್ನುವ ಮೇಷ್ಟ್ರು ಕೂಡ ಪಂಚಾಂಗ ಇಳಿಸಿಕೊಂಡು, "ನಂಬಿಕೆಗಲ್ಲ, ಬೆನ್ನುನೋವಿಗೆ" ಎಂದರು. ಅಂಬುಜಕ್ಕನೇ ಇಟ್ಟುಕೊಂಡಿದ್ದಾಳೆ ಅಂದ ಮೇಲೆ ಇನ್ನೇನು ಎಂದು ಹೆಂಗಸರು ಒಬ್ಬರಿಗೊಬ್ಬರು ಕಳಿಸಿಕೊಂಡರು. ಕೆಲವೇ ದಿನಗಳಲ್ಲಿ ಊರಿನ ಜನ ಕೈ ಬೀಸಿಕೊಂಡು ನಡೆಯಲು ಶುರು ಮಾಡಿದರು. ದರ್ಜಿಗಳು ಎರಡನೇ ಪದರ ಬಿಟ್ಟರು. ನಾನೂ ಜೋಳಿಗೆ ಒಗೆದು ಮಡಿಸಿಟ್ಟೆ.

ಶುಕ್ರವಾರ ಚಂಪಾ ಮತ್ತು ನಿಜಗುಣನನ್ನು ಕೂರಿಸುವುದೆಂದು ಪಂಚಾಂಗ ನೋಡಿಯೇ ಗೊತ್ತು ಮಾಡಿದ್ದಳು. ಅದಕ್ಕೆ ಮುಂಚೆ ಇಬ್ಬರ ಮಾತನ್ನೂ ಇನ್ನೊಮ್ಮೆ ಕೇಳಿಕೊಳ್ಳೋಣ ಎಂದು ಬುಧವಾರ ಬೆಳಗ್ಗೆ ಒಳಕೋಣೆ ಸೇರಿದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಬಂದವಳು ಫೋನನ್ನು ನನ್ನ ಮುಂದೆ ಹಿಡಿದಳು. "ಹೆಸರೆಲ್ಲಾ ಇದೆ ಕಣ್ರೀ. ಒತ್ತಿದ್ರೆ ಮಾತೇ ಇಲ್ಲ. ಒಬ್ಬರದೂ ಇಲ್ಲ" ಎಂದಳು. ಆಚಾರಿಯ ಹತ್ತಿರ ಓಡಿದೆವು. ಅವನು ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ನೋಡಿ, ಹಣೆ ಚಚ್ಚಿಕೊಂಡ. "ಹಗುರ ಆಯ್ತು ಅಂದ್ರೆ ಯಾರೋ ಹೊತ್ಕೊಂಡ್ ಹೋದ್ರು ಅಂತ ಅಲ್ವೇನಮ್ಮಾ! ಕಳ್ಳ ತಂದಿಟ್ಟಿದ್ದು ಹುಡುಕ್ತಾ ಕೂತೆ, ತಗೊಂಡ್ ಹೋಗಿದ್ದು ನೋಡ್ಲಿಲ್ವಲ್ಲ" ಎಂದ. ಪಂಚಾಂಗದ ಬೆನ್ನ ಹಿಂದೆ ಇನ್ನೊಂದು ಬಂದು ಕೂತಿತ್ತು. ಗಾಳಿಯಷ್ಟು ಹಗುರ. ಅದಕ್ಕೆ ಹೊರುವುದೊಂದೇ ಕೆಲಸ.

ಎಲ್ಲಿಗೆ ಹೊತ್ತೊಯ್ಯಿತು ಅನ್ನುವುದು ಮಧ್ಯಾಹ್ನವೇ ಗೊತ್ತಾಯಿತು. ಎಲ್ಲೋ ದೂರದಲ್ಲಿ, ನಮ್ಮ ಮುಖ ಕಾಣದ ಯಾರೋ ಸಂಬಂಧ ಕೂಡಿಸುವ ಅಂಗಡಿ ಇಟ್ಟಿದ್ದಾರಂತೆ. ಊರವರ ಫೋನುಗಳಿಗೆ ಒಂದೊಂದಾಗಿ ಸಂದೇಶ ಬರತೊಡಗಿತು. 'ಈ ಮನೆಯ ಹುಡುಗಿಯ ಬಗ್ಗೆ ನಿಮಗೆಷ್ಟು ಗೊತ್ತು? ಪೂರ್ತಿ ತಿಳಿಯಲು ಇಲ್ಲಿ ಒತ್ತಿ.' ಜೊತೆಗೆ ರುಚಿ ಹತ್ತಿಸಲು ಒಂದು ತುಣುಕು ಮಾತು. ಒತ್ತಿದರೆ ಏನಾಗುತ್ತದೆ ಅಂತ ಆ ಹೊತ್ತಿಗೆ ಊರಿಗೆಲ್ಲ ತಿಳಿದಿತ್ತು. ಆದರೂ ಒತ್ತಿದರು. ತಮ್ಮದು ಹೋದರೆ ಹೋಗಲಿ, ಪಕ್ಕದ ಮನೆಯದು ಸಿಗಲಿ ಅಂತ. ನಾನು ಯಾರನ್ನೂ ಬಯ್ಯುವುದಿಲ್ಲ, ನನಗೂ ಹೆಬ್ಬೆರಳು ತುರಿಸಿತ್ತು. ಎರಡು ಮನೆಗಳಲ್ಲಿ ಒಲೆ ಬೇರೆಯಾಯಿತು. ಬಳೆ ಅಂಗಡಿಯ ಹೆಂಗಸು ಬೀಗ ಹಾಕಿಕೊಂಡು ಎಲ್ಲಿಗೆ ಹೋದಳೆಂದು ಇವತ್ತಿಗೂ ಗೊತ್ತಿಲ್ಲ.

ರುದ್ರಯ್ಯನಿಗೆ ಬಂದ ತುಣುಕು ಚಂಪಾಳದು. "ನಂಗೆ ಮೂರ್ಛೆ ಬರುತ್ತೆ ಅಕ್ಕಾ." ಅಷ್ಟೇ. ಆಮೇಲೆ ಅವಳು ಹೇಳಿದ್ದನ್ನು, ಚಿಕ್ಕಂದಿನಿಂದ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು, ಎಷ್ಟೋ ವರ್ಷದಿಂದ ಬಂದಿಲ್ಲ ಅನ್ನುವುದನ್ನು, ಹುಡುಗನಿಗೆ ನಾನೇ ಹೇಳುತ್ತೇನೆ ಅಂದದ್ದನ್ನು, ಎಲ್ಲ ಕತ್ತರಿಸಿದ್ದರು. ಸಾವಂತ್ರಮ್ಮನಿಗೆ ಬಂದದ್ದು ನಿಜಗುಣನದು. "ಎಡಗಿವಿ ಕೇಳಿಸೋದೇ ಇಲ್ಲ. ಅಪ್ಪ ಯಾರಿಗೂ ಹೇಳ್ಬೇಡ ಅಂದಿದಾರೆ." ಸಂಜೆಗೆ ಸುದ್ದಿ ಹಬ್ಬಿ, ತಾಯಂದಿರು ಬಾಲವಾಡಿಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಮಗುವನ್ನೆತ್ತಿಕೊಂಡಾಗ ಬಿದ್ದುಬಿಟ್ಟರೆ ಅಂತ. ಚಂಪಾ ಖಾಲಿ ಕೋಣೆಯಲ್ಲಿ ಚಾಪೆ ಸುತ್ತಿಟ್ಟು ಬಾಗಿಲು ಹಾಕಿಕೊಂಡು ಬಂದಳಂತೆ.

ಶುಕ್ರವಾರ ಅವರು ಬಂದರು, ಆದರೆ ಗೊತ್ತು ಮಾಡಿದ ಹೊತ್ತಿಗಲ್ಲ, ಜಗಳಕ್ಕೆ. ರುದ್ರಯ್ಯ ಮಗನನ್ನು ಕರೆದುಕೊಂಡು ಬಂದ. ಅವನ ಧ್ವನಿ ಕೇಳಿ ಸಾವಂತ್ರಮ್ಮ ಮಗಳನ್ನು ಎಳೆದುಕೊಂಡು ಬಂದಳು. ನಮ್ಮ ಜಗಲಿಯಲ್ಲಿ ಇಬ್ಬರೂ ಏಕಕಾಲಕ್ಕೆ ಬಾಯಿ ಮಾಡಿದರು.

"ರೋಗದ ಹುಡುಗೀನ ನಮ್ಮ ತಲೆಗೆ ಕಟ್ಟೋಕೆ ಹೊರಟಿದ್ರಾ ಅಂಬುಜಮ್ಮಾ?" ಎಂದು ರುದ್ರಯ್ಯ.

"ನಿನ್ ಮಗ ಕಿವುಡ ಅಂತ ನೀನು ಡಂಗುರ ಹೊಡೆಸಿದ್ಯೇನಯ್ಯಾ?" ಎಂದು ಸಾವಂತ್ರಮ್ಮ.

ಅಂಬುಜಾಕ್ಷಿ ನೆಲದ ಮೇಲೆ ಕೂತಿದ್ದಳು. "ಇವತ್ತು ಇಬ್ರ ಬಾಯಿಂದ್ಲೂ ಹೇಳಿಸ್ತಿದ್ದೆ. ಮುಚ್ಚಿಡೋದು ನನ್ನ ಕಸುಬಲ್ಲ" ಎಂದಳು. "ಯಾವನು ನಂಬ್ತಾನೆ?" ಎಂದ ರುದ್ರಯ್ಯ. ಹುಡುಗಿ ಪೂರ್ತಿ ಹೇಳಿದ್ದ ಮಾತು ಫೋನಲ್ಲಿದ್ದಿದ್ದರೆ ಅಲ್ಲೇ ಕೇಳಿಸಬಹುದಿತ್ತು. ನಾನು ಕಾಫಿ ಮಾಡಿ ತಂದಿಟ್ಟೆ. ಜಗಳದ ಮನೆಯಲ್ಲಿ ಗಂಡಸಿನಿಂದ ಆಗುವುದು ಅಷ್ಟೇ.

ಆಗ ಚಂಪಾ ತಾಯಿಯ ಪಕ್ಕದಿಂದ ಎದ್ದಳು. ನಿಜಗುಣ ಕಂಬಕ್ಕೆ ಒರಗಿ ಕೂತಿದ್ದ. ಅವಳು ಅವನ ಎದುರಿನಿಂದ ಹಾದು, ಸುತ್ತಿಕೊಂಡು ಹೋಗಿ, ಅವನ ಬಲಗಡೆ ಕೂತಳು. ಮೆಲ್ಲಗೆ ಏನೋ ಕೇಳಿದಳು. ಅವನು ಕತ್ತು ಓರೆ ಮಾಡಲಿಲ್ಲ. ನೇರವಾಗಿ ಅವಳನ್ನು ನೋಡಿ ಉತ್ತರ ಕೊಟ್ಟ. ಮತ್ತೆ ಅವನೇನೋ ಕೇಳಿದ, ಅವಳು ಬೆರಳು ಮಡಿಸಿ ಏನೋ ವಿವರಿಸಿದಳು. ಇತ್ತ ಹಿರಿಯರ ಕೂಗಾಟದಲ್ಲಿ ನಮಗೆ ಒಂದು ಅಕ್ಷರವೂ ಕೇಳಲಿಲ್ಲ. ಒಮ್ಮೆ ಇಬ್ಬರೂ ನಕ್ಕದ್ದು ಮಾತ್ರ ಕಂಡಿತು. ಅಂಬುಜಾಕ್ಷಿ ಅವರನ್ನೇ ನೋಡುತ್ತಿದ್ದಳು. "ನೋಡಿ ರುದ್ರಯ್ಯನೋರೇ, ಆ ಕಡೆ ನೋಡಿ" ಎಂದಳು. "ಅವರಿಬ್ರಿಗೂ ಗೊತ್ತಾಯ್ತು. ಅವರಿಬ್ರಿಗೂ ಸರಿ ಇದೆ. ಇನ್ನೇನು?"

ರುದ್ರಯ್ಯ ನೋಡಿದ. ಅವನು ಕಟುಕನಲ್ಲ, ಅವನ ಮುಖ ಸ್ವಲ್ಪ ಸಡಿಲಾದದ್ದನ್ನು ನಾನೇ ಕಂಡೆ. ಆದರೆ ತಲೆ ಅಲ್ಲಾಡಿಸಿದ. "ಗೊತ್ತಿದ್ದು ಮಾಡ್ಕೊಳ್ಳೋದು ಬೇರೆ ಅಮ್ಮಾ, ಊರಿಗೆಲ್ಲಾ ಗೊತ್ತಾದ್ಮೇಲೆ ಮಾಡ್ಕೊಳ್ಳೋದು ಬೇರೆ. ಊರಬಾಗಿಲು ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ನಾಳೆ ಗಿರಣೀಲಿ ನಾನು ತಲೆ ಎತ್ಕೊಂಡು ಕೂರಬೇಕು." ಹೆಗಲ ಮೇಲಿನ ಟವೆಲ್ ಕೊಡವಿ, ಧ್ವನಿ ಎತ್ತರಿಸಿ, ಬೀದಿಗೂ ಕೇಳುವಂತೆ ಹೇಳಿದ: "ನಮ್ಮ ಮನೆತನದಲ್ಲಿ ಇವತ್ತಿನ ತನಕ ಯಾರೂ ಒಂದು ವಿಷಯ ಮುಚ್ಚಿಟ್ಟು ಮದುವೆ ಆಗಿಲ್ಲ!"

ಅಂಬುಜಾಕ್ಷಿ ತಟ್ಟನೆ ತಲೆ ಎತ್ತಿದಳು.

ಇಲ್ಲೊಂದು ಮಾತು ಹೇಳಬೇಕು. ರುದ್ರಯ್ಯನ ಮದುವೆ ಕೂಡಿಸಿದ್ದು ನನ್ನ ತಾಯಿ. ಆಗ ಫೋನಿರಲಿಲ್ಲ, ಕೇಳಿದ್ದೆಲ್ಲ ಕಿವಿಯಲ್ಲೇ ಇರಬೇಕಿತ್ತು. ತೀರಿಹೋಗುವ ಮುಂಚೆ ನನ್ನ ತಾಯಿ ಹೆತ್ತ ಮಗನಾದ ನನ್ನನ್ನು ಹೊರಗೆ ಕಳಿಸಿ, ಸೊಸೆಯನ್ನು ಹಾಸಿಗೆ ಹತ್ತಿರ ಕರೆದು, ಒಂದಿಡೀ ಮಧ್ಯಾಹ್ನ ಪಿಸುಗುಟ್ಟಿದ್ದಳು. ಹಳೆಯ ಮದುವೆಗಳಲ್ಲಿ ಯಾರ ಮನೆಯಲ್ಲಿ ಏನಿದೆ ಅನ್ನುವುದು ಸೊಸೆಗೆ ಗೊತ್ತಿರಲಿ, ಮುಂದೆ ಸಂಬಂಧ ನೋಡುವಾಗ ಎಡವಬಾರದು ಅಂತ. ರುದ್ರಯ್ಯನ ಮದುವೆಯಲ್ಲಿ ಏನಿತ್ತೋ ನನಗೆ ತಿಳಿಯದು. ಏನೋ ಇತ್ತು ಅನ್ನುವುದು ಮಾತ್ರ ಆ ಗಳಿಗೆಯಲ್ಲಿ ನನ್ನ ಹೆಂಡತಿಯ ಮುಖ ನೋಡಿ ತಿಳಿಯಿತು. ಅವಳ ಬಾಯಿ ತೆರೆದಿತ್ತು. ಒಂದೇ ಒಂದು ಮಾತು, ಅದನ್ನು ಸಾವಂತ್ರಮ್ಮನೆದುರು ಆಡಿದ್ದರೆ ರುದ್ರಯ್ಯ ಮೆತ್ತಗೆ ಕೂತು ಮದುವೆಗೆ ತಲೆಯಾಡಿಸುತ್ತಿದ್ದ. ಅದು ಅವನಿಗೂ ಗೊತ್ತಾಯಿತು. ಮತ್ತೆ ಹೆಗಲಿಗೆ ಎತ್ತಿದ ಟವೆಲ್ ಅರ್ಧದಲ್ಲೇ ನಿಂತಿತು. ಅವಳನ್ನೇ ನೋಡಿದ. ಅವಳು ಒಮ್ಮೆ ಚಂಪಾಳ ಕಡೆ ನೋಡಿದಳು. ಹೇಳು ಕಣೇ, ಹೇಳಿಬಿಡು ಅಂದುಕೊಂಡೆ ನಾನು.

"ಕಾಫಿ ಆರ್ತಾ ಇದೆ. ಕುಡೀರಿ" ಎಂದಳು ಅಂಬುಜಾಕ್ಷಿ.

ರುದ್ರಯ್ಯ ಉಸಿರು ಬಿಟ್ಟ. ಕಾಫಿ ಮುಟ್ಟಲಿಲ್ಲ. ಕಂಬದ ಎಡಗಡೆ ನಿಂತು ಮಗನನ್ನು "ಏಳೋ" ಎಂದ. ನಿಜಗುಣನಿಗೆ ಕೇಳಿಸಲಿಲ್ಲ. ಚಂಪಾ ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳುತ್ತಿದ್ದ. ರುದ್ರಯ್ಯ ಭುಜ ಹಿಡಿದು ಎಬ್ಬಿಸಿದ. ಹುಡುಗ ಅಪ್ಪನ ಮುಖ ನೋಡಿದ, ಚಂಪಾಳ ಮುಖ ನೋಡಿದ. ನಿಲ್ಲುತ್ತಾನೆ ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡು ಅಪ್ಪನ ಹಿಂದೆ ಹೋದ. ಸಾವಂತ್ರಮ್ಮ ಅವರ ಬೆನ್ನ ಮೇಲೆ ಇನ್ನೊಂದಿಷ್ಟು ಬೈಗುಳ ಎಸೆದು, ಸೆರಗಲ್ಲಿ ಮುಖ ಮುಚ್ಚಿಕೊಂಡು ಮನೆ ಕಡೆ ನಡೆದಳು.

ಚಂಪಾ ಮಾತ್ರ ಕಂಬದ ಹತ್ತಿರ ಕೂತೇ ಇದ್ದಳು. ಬೀದಿ ಖಾಲಿಯಾಯಿತು. ಆಮೇಲೆ ಕೇಳಿದಳು: "ಅಕ್ಕಾ, ನೀವು ಏನೋ ಹೇಳೋಕೆ ಬಾಯಿ ತೆಗೆದಿರಿ. ಅವರ ಮುಖ ಕಪ್ಪಿಟ್ಟಿತು."

"ಏನಿಲ್ಲಮ್ಮ."

"ಹೇಳಿದ್ರೆ ಅವರು ಒಪ್ತಿದ್ರಾ?"

ಅಂಬುಜಾಕ್ಷಿ ಸುಳ್ಳು ಹೇಳುವವಳಲ್ಲ. "ಒಪ್ತಿದ್ರು" ಎಂದಳು. "ನಿನ್ನ ಬಾಳು ಹಸನಾಗ್ತಿತ್ತು. ನನ್ನ ಕೈಲಿತ್ತು, ನಾನು ಮಾಡ್ಲಿಲ್ಲ. ಬೈಯಮ್ಮಾ ನನ್ನ."

ಚಂಪಾ ಬಯ್ಯಲಿಲ್ಲ. ಎದ್ದು, ಯಾರೂ ಮುಟ್ಟದೆ ಕೆನೆ ಕಟ್ಟಿದ್ದ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡಳು.

"ಇಲ್ಲಕ್ಕಾ, ಅದು ಅವರದು. ಹೊರಗೆ ಬರದೇ ಇದ್ದದ್ದೇ ಸರಿ" ಎಂದಳು. "ನಂದೂ ಹಾಗೇ ಉಳೀಬೇಕಿತ್ತು."

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಂಬುಜಾಕ್ಷಿ ಅಳುತ್ತಿದ್ದಳು. ಬಚ್ಚಲಲ್ಲಿ ಚಂಪಾ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.